ಮೊದಲು ಎದ್ದ ಮಗ್ಗಕ್ಕೆ ಮೊದಲ ನಂಬರ್

ಕಲ್ಮೇಶನ ಮೇಲೆ ನಾನು ಕಳಿಸಿದ ದೂರಿನ ಮೇಲ್ ಒಂಬತ್ತು ಸಾಲಿನದು. ಬರೆಯಲು ಹತ್ತು ನಿಮಿಷ ಹಿಡಿಯಿತು. ಅದರಲ್ಲಿ ಒಂದೂ ಒರಟು ಮಾತಿರಲಿಲ್ಲ, ಎಲ್ಲವೂ ಅಚ್ಚುಕಟ್ಟಾಗಿತ್ತು, ವಿಷಯ ಮಾತ್ರ ಪೂರ್ತಿ ತಪ್ಪಾಗಿತ್ತು. ಅದು ನನಗೆ ತಿಳಿಯುವ ಹೊತ್ತಿಗೆ ಅವನು ಬನಹಟ್ಟಿ ಬಿಟ್ಟು ಮಹಾರಾಷ್ಟ್ರದ ಇಚಲಕರಂಜಿಗೆ ಹೋಗುವುದು ನಿಕ್ಕಿಯಾಗಿತ್ತು. ಅವನಿಲ್ಲದಿದ್ದರೆ ಬನಹಟ್ಟಿಯಲ್ಲಿ ನನಗೆ ಯಾವ ಕೆಲಸವೂ ಇಲ್ಲ ಎಂಬುದೂ ಅದೇ ವಾರ ತಿಳಿಯಿತು.

ನಾನು ವೈಶಾಲಿ. ಊರು ಮುಧೋಳ, ಕೆಲಸ ಜಮಖಂಡಿಯಲ್ಲಿ. ಬೀಜ ಗೊಬ್ಬರದ ಅಂಗಡಿಯ ಮೇಲಿರುವ ಎರಡು ಕೋಣೆಯೇ ನಮ್ಮ ಕಂಪನಿ. ವಿದ್ಯುತ್ ಮಗ್ಗಗಳಿಗೆ ಹಚ್ಚುವ ಸಣ್ಣ ಡಬ್ಬಿ ತಯಾರಿಸುತ್ತೇವೆ. ಮಗ್ಗ ನಡೆಯುತ್ತಿದೆಯೋ ನಿಂತಿದೆಯೋ, ದಾರ ಹರಿದಿದೆಯೋ ಎಂಬುದನ್ನು ಆ ಡಬ್ಬಿ ಮೂಲೆಯಲ್ಲಿಟ್ಟ ಕಂಪ್ಯೂಟರಿಗೆ ಹೇಳುತ್ತದೆ. ಡಬ್ಬಿಗೂ ಕಂಪ್ಯೂಟರಿಗೂ ನಡುವೆ ನಿಂತು ಮಾತು ದಾಟಿಸುವ ಪ್ರೋಗ್ರಾಂ ಒಂದಿದೆ, ಅದಕ್ಕೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆದವಳು ನಾನು. ಯಾರಾದರೂ ಅದರಲ್ಲಿ ತಪ್ಪು ಹುಡುಕಿದರೆ ನನ್ನ ಮೂಗಿನ ತುದಿ ಕೆಂಪಾಗುತ್ತದೆ ಎಂದು ಆಫೀಸಿನ ರೇಷ್ಮಾ ಹೇಳುತ್ತಾಳೆ. ಇರಬಹುದು.

ಕಲ್ಮೇಶ ಬನಹಟ್ಟಿಯ ಶಿವಯೋಗೆಪ್ಪನವರ ಶೆಡ್ಡಿನಲ್ಲಿ ಜಾಬರ್, ಅಂದರೆ ಮಗ್ಗ ಕೆಟ್ಟರೆ ಸರಿ ಮಾಡುವವನು. ಅಲ್ಲಿನ ಹನ್ನೆರಡು ಮಗ್ಗಕ್ಕೆ ಡಬ್ಬಿ ಕೂಡಿಸಲು ಹೋದ ಮೊದಲ ದಿನ, ಕಿವಿಗೆ ಇಟ್ಟುಕೊಳ್ಳಿ ಎಂದು ನನಗೆ ಎರಡು ಉಂಡೆ ಹತ್ತಿ ತಂದುಕೊಟ್ಟ. ಮಧ್ಯಾಹ್ನ ಕರೆಂಟ್ ಹೋದಾಗ ನಾನು ಹತ್ತಿ ತೆಗೆದೆ. ಅವನು ಅದಕ್ಕೇ ಕಾದಿದ್ದವನಂತೆ ಹತ್ತಿರ ಬಂದ.

"ಮೇಡಮ್, ಮಗ್ಗ ಹನ್ನೆರಡು, ಡಬ್ಬಿ ಹನ್ನೆರಡು. ಆದ್ರ ಕಂಪ್ಯೂಟರಿಗೆ ಹೋಗೂ ವೈರ್ ಒಂದ ಐತಿ. ಯಾವ ಮಗ್ಗದ ಸುದ್ದಿ ಯಾವ್ದು ಅಂತ ಅದಕ್ಕ ಹೆಂಗ ತಿಳೀತೈತ್ರಿ?"

ಅಷ್ಟು ಸರಿಯಾದ ಪ್ರಶ್ನೆಯನ್ನು ನನಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಮ್ಮ ವೀರೇಶ ಸರ್ ಕೂಡ ಕೇಳಿರಲಿಲ್ಲ, ಕಂಪನಿ ಅವರದೇ ಆಗಿದ್ದರೂ.

"ಕಂಪ್ಯೂಟರ್ ಒಳಗ ಹನ್ನೆರಡ ನೆಟ್‌ವರ್ಕ್ ಕಾರ್ಡ್ ಹುಟ್ಟಸ್ತೇನ್ರಿ," ಎಂದೆ. "ಕೈಲೆ ಮುಟ್ಟೂವಂಥವಲ್ಲ. ಮಗ್ಗದ ಗುಂಡಿ ಒತ್ತಿದ ಕೂಡ್ಲೆ ಡಬ್ಬಿ ಎಚ್ಚರಾಗಿ, ನಾ ಬಂದೆ ಅಂತ ಹೇಳತೈತಿ. ಆವಾಗ ನನ್ನ ಡ್ರೈವರ್ ಅದರ ಸಲುವಾಗಿ ಅಲ್ಲೇ ಒಂದ ಡಿವೈಸ್ ಹುಟ್ಟಿಸಿ, ನಂಬರ್ ಕೊಟ್ಟು, ಕಂಪ್ಯೂಟರಿಗೆ ಪರಿಚಯ ಮಾಡಸ್ತೈತಿ. ಕರೆಂಟ್ ಹೋತಂದ್ರ ಅಳಿಸಿ ಹಾಕತೈತಿ."

"ಅಂದ್ರ ದಿನಾ ಹುಟ್ಟೂದು, ದಿನಾ ಸಾಯೂದು."

"ನಿಮ್ಮೂರಾಗ ದಿನಕ್ಕ ಎರಡ ಸಲ."

ಅವನು ನಕ್ಕ. ನಗುವ ಮೊದಲು ತಲೆ ತಗ್ಗಿಸಿ ಹೆಗಲ ಮೇಲಿನ ಅರಿವೆಯಿಂದ ಕೈ ಒರೆಸಿಕೊಂಡು, ಆಮೇಲೆ ಕಣ್ಣೆತ್ತಿ ನೋಡುವುದು ಅವನ ಪದ್ಧತಿ. ಒರೆಸುವಷ್ಟು ಹೊತ್ತು ನಾನು ಕಾಯಬೇಕಾಗುತ್ತಿತ್ತು. ಕಾಯುವುದು ನನಗೆ ಒಗ್ಗದ ಕೆಲಸ, ಆದರೂ ಕಾದೆ.

"ಇಲ್ಲದ ಕಾರ್ಡನ್ನ ಐತಿ ಅಂದ್ರ ಕಂಪ್ಯೂಟರ್ ನಂಬತೈತೇನ್ರಿ?"

"ಕೆಲಸ ಬರೋಬ್ಬರಿ ನಡದ್ರ ನಂಬತೈತಿ. ಮುಟ್ಟಿ ನೋಡತೇನಿ ಅನ್ನೂದಿಲ್ಲ."

"ಹಂಗಾರ ಮನಷ್ಯಾರಿಗಿಂತ ಶಾಣ್ಯಾ ಐತಿ ಬಿಡ್ರಿ," ಎಂದು ಅವನು ನಟ್ ಬಿಗಿಯುವ ಪಾನಾ ಎತ್ತಿಕೊಂಡು ಹೋದ.

ಅಲ್ಲಿಂದ ಎಂಟು ತಿಂಗಳು ಪ್ರತಿ ಶನಿವಾರ ನಾನು ಬನಹಟ್ಟಿಯ ಬಸ್ ಹತ್ತಿದೆ. ಕೆಲಸ ಅರ್ಧ ಗಂಟೆಯದು, ಹಿಡಿಯುತ್ತಿದ್ದದ್ದು ಮೂರು ಗಂಟೆ. ಉಳಿದ ಹೊತ್ತು ಅವನು ಮಗ್ಗದ ಕೆಳಗೆ ಮಲಗಿ ನಟ್ ಬಿಗಿಯುವುದನ್ನು ನೋಡುವುದು, ಅವನು ತರಿಸಿದ ಚಹಾ ಕುಡಿಯುವುದು. "ಡ್ರೈವರ್ ಇಲ್ಲೇ ಕುಂತ ಬರೀಬಹುದಲ್ಲ ಅಕ್ಕಾ?" ಎಂದು ರೇಷ್ಮಾ ಕೇಳುತ್ತಿದ್ದಳು. ಸ್ಥಳದಲ್ಲೇ ಪರೀಕ್ಷೆ ಮಾಡಬೇಕಾಗುತ್ತದೆ ಎಂದು ನಾನು ಗಂಭೀರವಾಗಿ ಹೇಳುತ್ತಿದ್ದೆ. ಅವಳು ಅಷ್ಟೇ ಗಂಭೀರವಾಗಿ ತಲೆಯಾಡಿಸುತ್ತಿದ್ದಳು.

ಆ ಎಂಟು ತಿಂಗಳಲ್ಲಿ ಡ್ರೈವರ್ ಒಂದು ಸಲವೂ ತಪ್ಪಲಿಲ್ಲ. ದಿನಕ್ಕೆ ಎರಡು ಸಲ ಕರೆಂಟ್ ಹೋಗಿ ಬಂದರೂ ಒಂದನೇ ಮಗ್ಗದ ಸುದ್ದಿ ಒಂದನೇ ನಂಬರಿನಲ್ಲಿ, ಹನ್ನೆರಡನೆಯದು ಹನ್ನೆರಡರಲ್ಲಿ. ನನಗೆ ಸೊಕ್ಕು ಬಂದಿತ್ತು ಎಂದರೆ ಸುಳ್ಳಲ್ಲ.

ಆಮೇಲೆ ಒಂದು ಮಂಗಳವಾರ ಶಿವಯೋಗೆಪ್ಪನವರ ಫೋನ್ ಬಂತು.

"ಏನವ್ವಾ ವೈಶಾಲಿ, ನಮ್ಮ ತಂಗೆವ್ವ ಮಗಳ ಹೆರಿಗಿಗೆ ಹುನ್ನೂರಿಗೆ ಹೋಗ್ಯಾಳ. ಅಕಿ ಮಗ್ಗ ಬಂದ್ ಐತಿ. ಆದ್ರ ನಿಮ್ಮ ಕಂಪ್ಯೂಟರ್ ನೋಡಿದ್ರ ಒಂದನೇ ಮಗ್ಗ ಮುಂಜಾನಿಂದ ನೇಯಾಕತ್ತೈತಿ ಅಂತೈತಿ. ದೆವ್ವ ಗಿವ್ವ ಬಂದ್ ಕುಂತಾವೇನು?"

ನಗಬೇಕೆನ್ನುವಷ್ಟರಲ್ಲಿ ಅವರ ಹಿಂದೆ ಯಲ್ಲವ್ವನ ದನಿ ಕೇಳಿಸಿತು. ಹನ್ನೆರಡನೇ ಮಗ್ಗದ ಯಲ್ಲವ್ವ ಎದ್ದು ನೀರು ಕುಡಿಯುವುದಕ್ಕೂ ಮಗ್ಗ ನಿಲ್ಲಿಸದ ಹೆಂಗಸು. ಅವಳ ಮಗ್ಗ ಇಡೀ ದಿನ ನಿಂತಿದೆ ಎಂದು ಸ್ಕ್ರೀನು ತೋರಿಸಿತ್ತು. "ಬೆನ್ನ ಮುರದ ದುಡ್ಯಾಕತ್ತೇನ್ರಿ ಮಾಲಕ್ರ, ನಾ ಏನ್ ಸುಮ್ಮ ಕುಂತೇನಿ?" ಎಂದು ಅವಳು ಅಳುತ್ತಿದ್ದಳು.

ನಾನು ಕಂಪ್ಯೂಟರಿನ ದಾಖಲೆ ತೆಗೆದು ನೋಡಿದೆ. ಎಲ್ಲ ಮಗ್ಗಗಳ ಸುದ್ದಿಯೂ ಒಂದೊಂದು ಮನೆ ಹಿಂದೆ ಸರಿದಿತ್ತು. ಹಿಂದಿನ ದಿನವೇ ಕಲ್ಮೇಶ ಹತ್ತಿಯ ಧೂಳು ಸ್ವಚ್ಛ ಮಾಡಲು ಹನ್ನೆರಡೂ ಡಬ್ಬಿ ಬಿಚ್ಚಿದ್ದ, ಬಿಚ್ಚುತ್ತೇನೆ ಎಂದು ನನಗೆ ಹೇಳಿಯೂ ಇದ್ದ. ಮತ್ತೇನು ಬೇಕು? ತಿರುಗಿ ಹಚ್ಚುವಾಗ ಒಂದರ ಡಬ್ಬಿ ಇನ್ನೊಂದಕ್ಕೆ ಹಚ್ಚಿದ್ದಾನೆ. ಎಂಟು ತಿಂಗಳು ತಪ್ಪದ ಡ್ರೈವರ್ ಈಗ ಯಾಕೆ ತಪ್ಪಬೇಕು? ನನಗೆ ಖಾತ್ರಿ ಇತ್ತು. ಮೇಲ್ ಬರೆದು ವೀರೇಶ ಸರ್‌ಗೆ ಕಳಿಸಿದೆ. ಅವರು ಅದನ್ನು ಹಾಗೆಯೇ ಶಿವಯೋಗೆಪ್ಪನವರಿಗೆ ದಾಟಿಸಿದರು.

ಶಿವಯೋಗೆಪ್ಪನವರು ಮರುದಿನ ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಅದನ್ನು ಓದಿ, ಇನ್ನು ಮೇಲೆ ಡಬ್ಬಿ ಮುಟ್ಟಬೇಡ ಎಂದು ಕಲ್ಮೇಶನಿಗೆ ಹೇಳಿದರಂತೆ. ಅವನು ಸಂಜೆ ಇಚಲಕರಂಜಿಯ ಗೆಳೆಯನಿಗೆ ಫೋನ್ ಮಾಡಿ ಅಲ್ಲಿನ ಮಗ್ಗದ ಕೆಲಸಕ್ಕೆ ಬರುತ್ತೇನೆಂದನಂತೆ. ಈ ಎಲ್ಲ ಅಂತೆಗಳನ್ನು ನನಗೆ ಶುಕ್ರವಾರ ತಂದು ಮುಟ್ಟಿಸಿದವಳು ರೇಷ್ಮಾ, ಅವಳ ಚಿಕ್ಕಮ್ಮನ ಮನೆ ಬನಹಟ್ಟಿಯಲ್ಲಿದೆ. ಊಟದ ಡಬ್ಬಿ ತೆರೆದಿದ್ದೆ, ಮುಚ್ಚಿದೆ. ಕಲ್ಮೇಶನಿಗೆ ಒಂದು ಮೆಸೇಜ್ ಹಾಕಿದೆ. ನೋಡಿದ, ಉತ್ತರ ಬರಲಿಲ್ಲ.

ಶನಿವಾರ ಡಬ್ಬಿಗಳನ್ನು ಸರಿಯಾಗಿ ಜೋಡಿಸಲೆಂದು ಹೋದೆ. ಕಲ್ಮೇಶ ಶೆಡ್ಡಿನೊಳಗೆ ಇರಲಿಲ್ಲ. ಒಂದನೇ ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ಬಿಳಿ ಬಣ್ಣದಲ್ಲಿ "೧" ಎಂದು ಬರೆದಿತ್ತು. ಎರಡನೆಯದರಲ್ಲಿ "೨". ಹನ್ನೆರಡನ್ನೂ ತೆಗೆದೆ. ಹನ್ನೆರಡರಲ್ಲೂ ಅವನ ಕೈಬರಹ, ಎಲ್ಲವೂ ತಮ್ಮ ತಮ್ಮ ಮಗ್ಗದಲ್ಲೇ ಇದ್ದವು. ಬಿಚ್ಚುವ ಮೊದಲು ಗುರುತು ಹಾಕಿಕೊಂಡಿದ್ದ ಮನುಷ್ಯ. ಸ್ಕ್ರೀನು ನೋಡಿದರೆ ಅದೂ ಸರಿಯಾಗಿತ್ತು, ನಾನು ಏನನ್ನೂ ಮುಟ್ಟಿರಲೇ ಇಲ್ಲ. ತಂಗೆವ್ವ ಆ ದಿನ ಬೆಳಗ್ಗೆ ಹುನ್ನೂರಿನಿಂದ ವಾಪಸು ಬಂದು ನೇಯಲು ಕೂತಿದ್ದಳು. ನಾನು ಸ್ಟೂಲಿನ ಮೇಲೆ ಕೂತೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ತಂಗೆವ್ವ ಹೊರಗೆ ನೀರು ಕುಡಿಯಲು ಹೋದಳು. ಇಪ್ಪತ್ತು ನಿಮಿಷಕ್ಕೆ ಟ್ಯೂಬ್‌ಲೈಟುಗಳು ಹತ್ತಿಕೊಂಡವು. ಕರೆಂಟ್ ಹೋದರೆ ಮಗ್ಗ ತಾನಾಗಿ ಮತ್ತೆ ಶುರುವಾಗುವುದಿಲ್ಲ, ನೇಯುವವರು ಹಸಿರು ಗುಂಡಿ ಒತ್ತಬೇಕು. ಹನ್ನೊಂದು ಮಂದಿ ತಮ್ಮ ತಮ್ಮ ಗುಂಡಿಯ ಮುಂದೆ ನಿಂತಿದ್ದರು. ಒಬ್ಬರೂ ಒತ್ತಲಿಲ್ಲ.

"ಕರೆಂಟ್ ಬಂತಲ್ರೀ," ಎಂದೆ.

"ತಂಗೆವ್ವ ಬರ್ಲಿ ತಡೀರಿ," ಎಂದ ಎರಡನೇ ಮಗ್ಗದ ಧರ್ಮರಾಜ. "ಹಿರೇ ಮನಷ್ಯಾಳು. ಅಕಿ ಒತ್ತಿದ ಮ್ಯಾಲ ನಾ. ನನ್ನ ಮ್ಯಾಲ ಮೂರನೇದವ್ರು. ಯಾವಾಗ್ಲೂ ಹಂಗ."

"ಅಕಿ ಊರಾಗ ಇಲ್ಲಂದ್ರ?"

"ಇಲ್ಲಂದ್ರ ನಾ ಮದ್ಲ. ಈ ವಾರ ಹಂಗ ಆಗಿತ್ತಲ್ರಿ."

ತಂಗೆವ್ವ ಸೆರಗಿನಿಂದ ಬಾಯಿ ಒರೆಸುತ್ತ ಬಂದಳು. ಮಗ್ಗ ಮುಟ್ಟಿ ಕಣ್ಣಿಗೊತ್ತಿಕೊಂಡು ಗುಂಡಿ ಒತ್ತಿದಳು. ಎರಡು, ಮೂರು, ನಾಲ್ಕು ಎಂದು ಸಾಲು ಹಿಡಿದು ಮಗ್ಗಗಳು ಎದ್ದವು.

ನಾನು ಡ್ರೈವರ್ ಬರೆದದ್ದು ಹೀಗೆ, ಎಂಟು ತಿಂಗಳಲ್ಲಿ ಅದು ನನಗೇ ಮರೆತುಹೋಗಿತ್ತು: ಮೊದಲು ಎದ್ದ ಮಗ್ಗಕ್ಕೆ ಮೊದಲ ನಂಬರ್, ಎರಡನೆಯದಾಗಿ ಎದ್ದದ್ದಕ್ಕೆ ಎರಡನೆಯದು. ಯಾವ ಡಬ್ಬಿ ಎಂದು ಕೇಳುವ ಗೋಜಿಗೇ ಅದು ಹೋಗುತ್ತಿರಲಿಲ್ಲ. ಅಂಥ ಡ್ರೈವರ್ ಮೊದಲ ದಿನವೇ ಎಡವಬೇಕಿತ್ತು. ಎಂಟು ತಿಂಗಳು ಅದು ಸರಿಯಾಗಿ ನಡೆದದ್ದು ಈ ಹನ್ನೆರಡು ಮಂದಿಯ ಮರ್ಯಾದೆಯಿಂದ, ಮತ್ತು ಅಷ್ಟು ದಿನ ಒಂದು ಮಗ್ಗವೂ ಖಾಲಿ ಬೀಳದ್ದರಿಂದ. ತಂಗೆವ್ವ ಊರಲ್ಲಿಲ್ಲದ ದಿನ ಧರ್ಮರಾಜನ ಮಗ್ಗ ಮೊದಲು ಎದ್ದು ಅವಳ ನಂಬರ್ ತೆಗೆದುಕೊಂಡಿತು, ಉಳಿದವೆಲ್ಲ ಒಂದೊಂದು ಮನೆ ಸರಿದವು, ಕೊನೆಗೆ ಯಲ್ಲವ್ವನಿಗೆ ಉಳಿದದ್ದು ಹನ್ನೊಂದು. ಬಯ್ಯಿಸಿಕೊಂಡವನು ಕಲ್ಮೇಶ.

ಹೊರಗೆ ಬಂದು ವೀರೇಶ ಸರ್‌ಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಸರಿ ಮಾಡು. ಆದ್ರ ಯಾರ ಮುಂದೂ ಹೇಳಬ್ಯಾಡ, ಗಪ್ಪ ಇರು. ಬುಧವಾರ ಮುಧೋಳದ ನೇಕಾರ ಸೊಸೈಟಿಯವರು ಇದನ್ನ ನೋಡಾಕ ಬರಾಕತ್ತಾರ. ಅವರು ಬ್ಯಾಡ ಅಂದ್ರ ನಿನಗೂ ಕೆಲಸಿಲ್ಲ, ನನಗೂ ಇಲ್ಲ."

"ಸರಿ ಮಾಡ್ತೇನ್ರಿ ಸರ್," ಎಂದೆ. ಉಳಿದ ಅರ್ಧಕ್ಕೆ ಒಪ್ಪಿಗೆ ಕೊಡಲಿಲ್ಲ.

ಶೆಡ್ಡಿನ ಹಿಂದಿನ ಬೇವಿನ ಗಿಡದ ಕೆಳಗೆ ಕಲ್ಮೇಶ ಹಲ್ಲಿನ ಚಕ್ರಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ನನ್ನ ಹೆಜ್ಜೆ ಕೇಳಿಯೂ ತಲೆ ಎತ್ತಲಿಲ್ಲ.

"ಡಬ್ಬಿ ಹೊಂದಿಸಿದ್ರಿ ಮೇಡಮ್?"

"ಅವು ಬರೋಬ್ಬರಿನ ಇದ್ದುವು."

ಎಲ್ಲ ಹೇಳಿದೆ. ನಂಬರಿನ ಕಥೆ, ತಂಗೆವ್ವನ ಕಥೆ, ಮೇಲ್ ಬರೆದ ಕಥೆ. ಅವನು ಒಂದು ಚಕ್ರ ತೊಳೆದು ಮುಗಿಸಿ ಇನ್ನೊಂದನ್ನು ಎತ್ತಿಕೊಂಡ.

"ತಪ್ಪು ಎಲ್ಲಾರದೂ ಆಗ್ತೈತ್ರಿ. ನಾನೂ ನಟ್ ತಪ್ಪು ಬಿಗದೇನಿ. ಅದಕ್ಕಲ್ಲ ನನಗ ಸಿಟ್ಟು. ಒಂದ ದಾರ ಹರದ್ರೂ ನನಗ ಫೋನ್ ಮಾಡ್ತಿದ್ರಿ. ಇದೊಂದಕ್ಕ ಮೇಲ್ ಯಾಕ? ಒಂದ ಮಾತ ಕೇಳಬೇಕಿತ್ತೋ ಇಲ್ಲೋ?"

ಇದಕ್ಕೆ ಬಸ್ಸಿನಲ್ಲಿ ಕೂತು ನಾಲ್ಕು ಒಳ್ಳೆಯ ಉತ್ತರ ಯೋಚಿಸಿಕೊಂಡು ಬಂದಿದ್ದೆ. ಅವನ್ನೆಲ್ಲ ಅಲ್ಲೇ ಬಿಟ್ಟೆ. ನಿಜ ಮಾತ್ರ ಉಳಿದಿತ್ತು.

"ಫೋನ್ ಮಾಡಿದ್ರ ನೀವು ಇಲ್ಲ ಅಂತಿದ್ರಿ."

"ಖರೇನ. ಇಲ್ಲ ಅಂತಿದ್ದೆ."

"ನಾ ನಂಬತಿದ್ದೆ. ಏನೂ ನೋಡದ ನಂಬತಿದ್ದೆ. ನಿಮ್ಮ ದನಿ ಕೇಳಿದ್ರ ನನಗ ಬುದ್ಧಿ ನೆಟ್ಟಗ ಇರೂದಿಲ್ಲ. ಅದರ ಹೆದರಿಕಿಗೆ ಮೇಲ್ ಬರದೆ."

ಚಕ್ರ ಅವನ ಕೈಯಿಂದ ಜಾರಿ ಡಬ್ಬದೊಳಗೆ ಬಿತ್ತು. ಸೀಮೆಎಣ್ಣೆ ನನ್ನ ಚಪ್ಪಲಿಗೆ ಸಿಡಿಯಿತು. ಅವನು ಕೈ ಒರೆಸಿಕೊಂಡ, ಎಂದಿಗಿಂತ ಹೆಚ್ಚು ಹೊತ್ತು ಒರೆಸಿಕೊಂಡ. ಕೊನೆಗೆ ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟು ಇನ್ನೂ ಇತ್ತು, ಅದರ ಪಕ್ಕದಲ್ಲೇ ಬೇರೊಂದು ಬಂದು ಕೂತು ಜಾಗ ಕೇಳುತ್ತಿತ್ತು.

"ಇದು ತಪ್ಪಾತು ಅನ್ನೂದೋ, ಇನ್ನೊಂದೋ?"

"ಎರಡೂ," ಎಂದೆ.

ಅವನು ಎದ್ದು ನಿಂತ. "ಗುರುವಾರ ಹೋಗ್ತೇನಿ ಅಂತ ಅವರಿಗೆ ಮಾತ ಕೊಟ್ಟೇನ್ರಿ. ಇಲ್ಲಿ ಹನ್ನೆರಡ ಮಂದಿ ಮುಂದ ಅನಿಸ್ಕೊಂಡೇನಿ. ಬೇವಿನ ಗಿಡದ ಬುಡಕ ನನಗೊಬ್ಬಗ ಬಂದ ಹೇಳಿದ್ರ ಅದು ಅಳಿಸಿ ಹೋಗೂದಿಲ್ಲ."

ಅವನ ಮಾತು ನ್ಯಾಯವಾಗಿತ್ತು. ನಾನು ಮುಧೋಳದ ಬಸ್ ಹತ್ತಿದೆ.

ಸರಿ ಮಾಡುವ ಕೆಲಸ ದೊಡ್ಡದೇನಲ್ಲ. ಪ್ರತಿ ಡಬ್ಬಿಯ ಒಳಗೂ ಅದರದೇ ಒಂದು ಸಂಖ್ಯೆ ಇರುತ್ತದೆ. ಡಿವೈಸ್ ಹುಟ್ಟಿಸುವ ಮೊದಲು ಡ್ರೈವರ್ ಇನ್ನು ಮೇಲೆ ಆ ಸಂಖ್ಯೆ ಕೇಳಿ, ಯಾರು ಎಂದು ಗುರುತು ಹಿಡಿದು, ಅದರ ನಂಬರನ್ನೇ ಅದಕ್ಕೆ ಕೊಡಬೇಕು. ಮೊದಲೇ ಹಾಗೆ ಬರೆಯಬಹುದಿತ್ತು. ಸೋಮಾರಿತನ ಮಾಡಿದ್ದೆ. ಮಂಗಳವಾರ ಸಂಜೆಯ ಹೊತ್ತಿಗೆ ಮುಗಿಯಿತು.

ಬುಧವಾರ ಮುಧೋಳದಿಂದ ಮೂವರು ಬಂದರು. ಹಿರಿಯರಾದ ಜಕ್ಕಪ್ಪನವರಿಗೆ ಪ್ರತಿ ಮಗ್ಗವನ್ನೂ ಬೆರಳಿನಿಂದ ತಟ್ಟಿ ನೋಡುವ ಅಭ್ಯಾಸ. ವೀರೇಶ ಸರ್ ಹೊಸ ಶರ್ಟ್ ಹಾಕಿಕೊಂಡಿದ್ದರು. ಹೊಸ ಡ್ರೈವರ್ ಹಾಕಲೆಂದು ಮೇನ್ ಸ್ವಿಚ್ ಇಳಿಸಿದ್ದರಿಂದ ಶೆಡ್ ನಿಶ್ಶಬ್ದವಾಗಿತ್ತು. ಕಲ್ಮೇಶ ಬಾಗಿಲ ಹತ್ತಿರ ನಿಂತಿದ್ದ, ಗುರುವಾರದ ಲೆಕ್ಕದಲ್ಲಿ ಅದು ಅವನ ಕೊನೆಯ ದಿನ. ನಾನು ಸಾಲಿನ ನಡುವೆ ಹೋಗಿ ನಿಂತೆ.

"ಎಲ್ಲಾರೂ ಒಂದ ಮಾತ ಕೇಳ್ರಿ," ಎಂದೆ. "ಹೋದ ವಾರ ಡಬ್ಬಿ ಅದಲಾಬದಲಿ ಆಗಿರಲಿಲ್ಲ. ಕಲ್ಮೇಶ ಅವರು ನಂಬರ್ ಹಾಕಿ, ಒಂದೊಂದನ್ನೂ ಅದರ ಜಾಗಾದಾಗ ಕೂಡಿಸಿದ್ರು. ತಪ್ಪು ನಾ ಬರದ ಪ್ರೋಗ್ರಾಂದು. ಯಲ್ಲವ್ವಾ, ನಿನ್ನ ಮಗ್ಗ ನಿಂತಿರಲಿಲ್ಲ. ನಾನು ವಿಚಾರ ಮಾಡದ ಇವರ ಮ್ಯಾಲ ಹಾಕಿದೆ. ಇಷ್ಟು ಮಂದಿ ಮುಂದ ಅವರಿಗೆ ಮಾತ ಕೇಳಿಸೀನಿ, ಅದಕ್ಕ ಇಷ್ಟು ಮಂದಿ ಮುಂದನ ಹೇಳಾಕತ್ತೇನಿ, ತಪ್ಪಾತು."

ವೀರೇಶ ಸರ್ ಮೇಲಿನ ತಗಡು ನೋಡಲು ಶುರು ಮಾಡಿದರು. ಶಿವಯೋಗೆಪ್ಪನವರು ಕನ್ನಡಕ ತೆಗೆದು ಕಲ್ಮೇಶನ ಕಡೆ ತಿರುಗಿ, "ನನ್ನದೂ ತಪ್ಪಾತೋ ತಮ್ಮಾ," ಎಂದರು. ನಾನು ಕಲ್ಮೇಶನ ಕಡೆ ನೋಡಲಿಲ್ಲ, ಧೈರ್ಯ ಅಲ್ಲಿಗೇ ಖಾಲಿಯಾಗಿತ್ತು.

ಜಕ್ಕಪ್ಪನವರು ಕೇಳಿದರು: "ಈಗ ಸರಿ ಆಗೈತಿ ಅಂತ ಹೆಂಗ ನಂಬೂದವ್ವಾ?"

"ಹಿಂದ ಮುಂದ ಮಾಡಿ ಚಾಲೂ ಮಾಡಿಸಿ ನೋಡ್ರಿ. ಯಾರಾದ್ರೂ ಕಡೀಕಿನವ್ರು ಮದ್ಲ ಒತ್ತರಿ."

ಮೇನ್ ಸ್ವಿಚ್ ಏರಿಸಿದರು. ಯಾರೂ ಒತ್ತಲಿಲ್ಲ. ಯಲ್ಲವ್ವನನ್ನು ಕೇಳಿದೆ. "ತಂಗೆವ್ವಗಿಂತ ಮದ್ಲ? ಬ್ಯಾಡವ್ವಾ," ಎಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಐದನೆಯವನನ್ನು ಕೇಳಿದೆ, ಒಂಬತ್ತನೆಯವಳನ್ನು ಕೇಳಿದೆ. ಪರೀಕ್ಷೆಗಾಗಿ, ಒಂದೇ ಸಲ ಎಂದೆ. ಹನ್ನೊಂದು ಮಂದಿಯೂ ಅಲ್ಲಾಡಲಿಲ್ಲ. ಮುಧೋಳದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರು ದಿನದ ಕೆಲಸ ಒಂದು ಬೆರಳಿಗೆ ಕಾದು ನಿಂತಿತ್ತು.

ಆಗ ಕಲ್ಮೇಶ ಬಾಗಿಲು ಬಿಟ್ಟು ಒಳಗೆ ಬಂದ. ನೇರ ತಂಗೆವ್ವನ ಹತ್ತಿರ ಹೋದ.

"ಯವ್ವಾ, ಇವತ್ತ ಎಲ್ಲಾ ಮಗ್ಗಾನೂ ನೀನ ಒತ್ತು. ಮದ್ಲ ಹನ್ನೆರಡನೇದು. ಆಮ್ಯಾಲ ನಿನ್ನ ಮನಸಿಗೆ ಬಂದಂಗ."

ತಂಗೆವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. ಹನ್ನೆರಡನೆಯದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಗುಂಡಿ ಒತ್ತಿದಳು. ಆಮೇಲೆ ಐದು, ಒಂಬತ್ತು, ಎರಡು. ಅವಳಿಗೆ ಮಜಾ ಬಂದಿತ್ತು, ಹಿಂದಕ್ಕೂ ಮುಂದಕ್ಕೂ ಓಡಾಡಿ ಒತ್ತಿದಳು. ಸ್ಕ್ರೀನಿನಲ್ಲಿ ಹನ್ನೆರಡು ಎದ್ದಿತು, ಐದು ಎದ್ದಿತು, ಒಂಬತ್ತು ಎದ್ದಿತು, ಎರಡು ಎದ್ದಿತು. ಒಂದೂ ತಪ್ಪಲಿಲ್ಲ. ಜಕ್ಕಪ್ಪನವರು ಎರಡು ಸಲ ಗೋಣು ಹಾಕಿ, ವೀರೇಶ ಸರ್ ಹೆಗಲ ಮೇಲೆ ಕೈಯಿಟ್ಟು ಅವರನ್ನು ಆಫೀಸಿನ ಕಡೆ ಕರೆದುಕೊಂಡು ಹೋದರು.

ಹನ್ನೆರಡೂ ಮಗ್ಗ ಓಡುತ್ತಿದ್ದವು. ಎದುರು ನಿಂತು ಕೂಗಿದರೂ ಕೇಳದಷ್ಟು ಸದ್ದು. ಕಲ್ಮೇಶ ಏಳನೇ ಮಗ್ಗದ ಪಕ್ಕ ಬಾಗಿ ಏನನ್ನೋ ಬಿಗಿಯುತ್ತಿದ್ದ, ನಾಳೆ ಹೋಗುವವನಿಗೆ ಅದೇನು ಬಿಗಿಯುವುದಿತ್ತೋ. ನನಗೆ ಅಳು ಬಂತು. ಯಾರಿಗೂ ಕೇಳುವುದಿಲ್ಲ ಎಂಬ ಧೈರ್ಯದ ಮೇಲೆ, ಮೊದಲ ಸಲ ರೀ ಬಿಟ್ಟು, ನನ್ನಷ್ಟಕ್ಕೆ ಹೇಳಿಕೊಂಡೆ: "ಹೋಗಬ್ಯಾಡ ಕಲ್ಮೇಶ. ನೀ ಇಲ್ದ ನನಗ ಆಗೂದಿಲ್ಲ."

ಎದುರಿನ ಮಗ್ಗದ ಯಲ್ಲವ್ವ ಬಾಯಿಗೆ ಸೆರಗು ಹಿಡಿದಳು. ಧರ್ಮರಾಜ ಮುಖ ತಿರುಗಿಸಿ ನಕ್ಕ. ಒಂಬತ್ತನೆಯವಳು ಹತ್ತನೆಯವಳಿಗೆ ಸನ್ನೆ ಮಾಡಿದಳು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವರಿಗೆ ಮಾತು ಕೇಳಲು ಕಿವಿ ಬೇಕಾಗಿಲ್ಲ, ಎದುರಿನವರ ತುಟಿ ಕಂಡರೆ ಸಾಕು. ಮುಧೋಳದ ಪೇಟೆಯಲ್ಲಿ ಬೆಳೆದ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಕಲ್ಮೇಶನೂ ಯಾವಾಗಲೋ ಕಣ್ಣೆತ್ತಿ ನನ್ನ ತುಟಿ ಓದಿ ನೆಟ್ಟಗೆ ನಿಂತಿದ್ದ. ಕೈ ಒರೆಸಿಕೊಳ್ಳಲಿಲ್ಲ. ನೇರ ನನ್ನನ್ನೇ ನೋಡುತ್ತ ತುಟಿಯಲ್ಲಿ ಏನೋ ಹೇಳಿದ. ನನಗೆ ತಿಳಿಯಲಿಲ್ಲ. ತಲೆಯಾಡಿಸಿದೆ. ಇನ್ನೂ ಏನೋ ಹೇಳಿದ, ಈ ಸಲ ನಿಧಾನವಾಗಿ. ಅದೂ ತಿಳಿಯಲಿಲ್ಲ. ಶೆಡ್ಡಿನಲ್ಲಿದ್ದ ಎಲ್ಲರಿಗೂ ತಿಳಿದು ನನಗೊಬ್ಬಳಿಗೆ ತಿಳಿಯದ ಸಂಕಟ ಯಾರಿಗೂ ಬೇಡ.

ತಂಗೆವ್ವನೇ ಎದ್ದು ಬಂದು ನನ್ನ ಕಿವಿಯಲ್ಲಿ ಕೂಗಿದಳು.

"ಹೋಗೂದಿಲ್ಲಂತ! ನಿನ್ನೇನ ಇಚಲಕರಂಜಿಯವರಿಗೆ ಬರೂದಿಲ್ಲ ಅಂತ ಹೇಳಿ ಬಿಟ್ಟಾನಂತ!"

"ಆಮ್ಯಾಲ ಹೇಳಿದ್ದು ಏನು?"

"ಅದನ್ನ ನಾ ಹೇಳೂದಲ್ಲ! ಹೋಗಿ ಅವನ್ನ ಕೇಳ!"

ಹೋದೆ. ಓಡುವ ಮಗ್ಗಗಳ ನಡುವಿನ ಸಣ್ಣ ಹಾದಿಯಲ್ಲಿ ಓಢಣಿ ಎದೆಗೊತ್ತಿಕೊಂಡು ನಡೆದು, ಅವನ ಬಾಯಿಗೆ ಕಿವಿ ಕೊಟ್ಟು ನಿಂತೆ. ಅವನು ಹೇಳಿದ. ಮದುವೆಯ ಮಾತಾಡಲು ಮುಧೋಳಕ್ಕೆ ನಮ್ಮ ಮನೆಗೆ ಯಾವಾಗ ಬರಲಿ ಎಂದು ಕೇಳಿದ, ಮೇಡಮ್ ಬಿಟ್ಟು ಹೆಸರು ಹಿಡಿದು ಕೇಳಿದ.

ತಿರುಗಿ ನೋಡಿದರೆ ಇಡೀ ಸಾಲು ನನ್ನ ಬಾಯಿಯನ್ನೇ ನೋಡುತ್ತಿತ್ತು.

"ಈ ಐತವಾರ," ಎಂದೆ, ಎಲ್ಲರಿಗೂ ಕಾಣುವಂತೆ.